ಬೀಳುತ್ತಲೇ ಇರುವ ಚಂದ್ರ

(ಕುಂಬಳೆಯ ಸಮೀಪ ನಮ್ಮೂರ ವಾಚನಾಲಯದಲ್ಲಿ ಒಂದು ಸಂಜೆ ಆಡಿದ ಮಾತುಗಳಿವು. ಕೇಳಿದವರು ಬರೆದುಕೊಡಿ ಎಂದದ್ದಕ್ಕೆ ಬರೆದಿದ್ದೇನೆ. ಮಾತಿನ ಹದ ಕೆಡಬಾರದೆಂದು ಹೆಚ್ಚು ತಿದ್ದಿಲ್ಲ. ನಡುವೆ ಬಂದ ಪ್ರಶ್ನೆಗಳನ್ನೂ ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ಈ ಕಾರ್ಯಕ್ರಮಕ್ಕೆ ಕರೆಯಲೆಂದು ಶಾಲೆಗೆ ಹೋಗಿದ್ದಾಗ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನು ತಡೆದು ಕೇಳಿದಳು: "ಮಾಷ್ಟ್ರೇ, ಮೇಲೆ ಬಿಟ್ಟ ಉಪಗ್ರಹ ಕೆಳಗೆ ಬೀಳುವುದಿಲ್ಲ ಯಾಕೆ?" ನಾನು ಆಗ ಉತ್ತರ ಹೇಳಲಿಲ್ಲ. ಶನಿವಾರ ಬಾ, ಎಲ್ಲರೆದುರು ಹೇಳುತ್ತೇನೆ ಎಂದೆ. ಅವಳು ಬಂದಿದ್ದಾಳೆ, ಮುಂದಿನ ಸಾಲಿನಲ್ಲೇ ಕೂತಿದ್ದಾಳೆ. ಹಾಗಾಗಿ ಪೀಠಿಕೆ ಬೇಡ, ಉತ್ತರವನ್ನೇ ಹೇಳಿಬಿಡುತ್ತೇನೆ. ಉಪಗ್ರಹ ಬೀಳುತ್ತದೆ ಮಗಳೇ. ನಾವು ಇಲ್ಲಿ ಮಾತಾಡುತ್ತಿರುವ ಈ ಹೊತ್ತಿನಲ್ಲೂ ಬೀಳುತ್ತಾ ಉಂಟು. ಚಂದ್ರನೂ ಬೀಳುತ್ತಾ ಉಂಟು. ಬಿದ್ದೂ ಬಿದ್ದೂ ನೆಲ ಮುಟ್ಟುವುದಿಲ್ಲ, ಅಷ್ಟೇ. ಹೀಗೆ ನೆಲ ತಪ್ಪಿಸಿಕೊಂಡು ಬೀಳುವುದಕ್ಕೇ ಕಕ್ಷೆ ಎಂದು ಹೆಸರು. ಇಂದು ನಾನು ಹೇಳಬೇಕೆಂದಿರುವುದು ಇದೊಂದೇ ಸಂಗತಿ. ಆದರೆ ಅದನ್ನು ನಂಬುವ ಹಾಗೆ ಹೇಳಬೇಕಾದರೆ ನಮ್ಮ ತೋಟದಿಂದಲೇ ಶುರು ಮಾಡಬೇಕು.

ಅಡಿಕೆ ಮರದ ಗೊನೆಯಿಂದ ಒಂದು ಹಣ್ಣಡಿಕೆ ಕಳಚಿಕೊಂಡಿತು ಎನ್ನಿ. ಮೊದಲ ಒಂದು ಸೆಕೆಂಡಿನಲ್ಲಿ ಅದು 4.9 ಮೀಟರ್ ಇಳಿಯುತ್ತದೆ. ಇದು ಅಡಿಕೆಗೂ ಅಷ್ಟೇ, ತೆಂಗಿನಕಾಯಿಗೂ ಅಷ್ಟೇ. ಇನ್ನು ಅದೇ ಎತ್ತರದಲ್ಲಿ ನಿಂತು ಒಬ್ಬ ಒಂದು ಅಡಿಕೆಯನ್ನು ನೇರ ಅಡ್ಡಕ್ಕೆ ಬೀಸಿ ಎಸೆಯುತ್ತಾನೆ. ಅದು ದೂರ ಹೋಗಿ ಬೀಳುತ್ತದೆ. ಅಡ್ಡಕ್ಕೆ ಹೋಗುತ್ತಿದೆಯೆಂದು ಅದರ ಬೀಳುವಿಕೆ ಕಡಿಮೆಯಾಯಿತೇ? ಇಲ್ಲ. ಅದೂ ಮೊದಲ ಸೆಕೆಂಡಿನಲ್ಲಿ 4.9 ಮೀಟರೇ ಇಳಿಯುತ್ತದೆ. ಗದ್ದೆಗೆ ಬರುವ ಗಿಳಿ ಓಡಿಸಲು ಕವಣೆ ಬೀಸಿದವರು ನಿಮ್ಮಲ್ಲಿ ಹಿರಿಯರು ಇರಬಹುದು. ಕವಣೆಯ ಕಲ್ಲು ಕೈಯ ಕಲ್ಲಿಗಿಂತ ಎಷ್ಟೋ ದೂರ ಹೋಗುತ್ತದೆ. ಆದರೆ ಬೀಳುವ ಲೆಕ್ಕದಲ್ಲಿ ಎರಡಕ್ಕೂ ಭೇದ ಇಲ್ಲ. ಮುಂದೆ ಹೋಗುವುದು ಬೇರೆ, ಕೆಳಗೆ ಬೀಳುವುದು ಬೇರೆ. ಒಂದು ಮತ್ತೊಂದರ ದಾರಿಗೆ ಅಡ್ಡ ಬರುವುದಿಲ್ಲ.

ಈಗ ಬೇಕಲ ಕೋಟೆಗೆ ಹೋಗೋಣ. ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ, ಎದುರಿಗೆ ಅರಬ್ಬೀ ಸಮುದ್ರ. ಅಲ್ಲಿ ಬುರುಜಿನ ಮೇಲೆ ಒಂದು ಫಿರಂಗಿ ಇಟ್ಟು ಪಡುವಣಕ್ಕೆ ನೇರವಾಗಿ ಗುಂಡು ಹಾರಿಸಿದಂತೆ ಕಲ್ಪನೆ ಮಾಡಿಕೊಳ್ಳಿ. ಈ ಕಲ್ಪನೆಯ ಮೂಲ ನ್ಯೂಟನ್ನನದು. ಅವನು ಫಿರಂಗಿ ಇಟ್ಟದ್ದು ಬಹಳ ಎತ್ತರದ ಬೆಟ್ಟವೊಂದರ ತುದಿಯಲ್ಲಿ. ಅವನು ತೀರಿಹೋದ ಮೇಲೆ, 1728ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅದರ ಚಿತ್ರವೂ ಉಂಟು. ನಾವು ನಮ್ಮ ಕೋಟೆಯಿಂದಲೇ ಹಾರಿಸೋಣ. ಗಾಳಿಯೇ ಇಲ್ಲ, ದಾರಿಯಲ್ಲಿ ಬೆಟ್ಟ ಗುಡ್ಡಗಳೂ ಇಲ್ಲ ಎಂದು ಇಟ್ಟುಕೊಳ್ಳೋಣ.

ಗುಂಡಿನ ವೇಗ ಕಡಿಮೆಯಾದರೆ ಅದು ಸಮುದ್ರಕ್ಕೆ ಬೀಳುತ್ತದೆ. ಹೆಚ್ಚಿಸಿದರೆ ಇನ್ನೂ ದೂರದಲ್ಲಿ ಬೀಳುತ್ತದೆ. ಇಲ್ಲಿ ಒಂದು ವಿಷಯ ನೆನಪಿರಬೇಕು: ಸಮುದ್ರ ನಮ್ಮ ಕಣ್ಣಿಗೆ ಚಪ್ಪಟೆ ಕಂಡರೂ ಅದು ಗುಂಡಗೆ ಬಾಗಿದೆ. ದಡದಿಂದ ದೂರ ಹೋದ ದೋಣಿಯ ಒಡಲು ಮೊದಲು ಮರೆಯಾಗಿ ಮೇಲಿನ ಭಾಗ ಆಮೇಲೆ ಮರೆಯಾಗುವುದನ್ನು ಮೀನುಗಾರರ ಮನೆಯವರು ಎಷ್ಟು ಸಲ ನೋಡಿಲ್ಲ! ಆ ಬಾಗು ಎಷ್ಟೆಂದರೆ, ನೇರ ಗೆರೆಯಲ್ಲಿ 7.9 ಕಿಲೋಮೀಟರ್ ಹೋಗುವಷ್ಟರಲ್ಲಿ ಭೂಮಿಯ ಮೈ 4.9 ಮೀಟರ್ ಕೆಳಗೆ ಸರಿದಿರುತ್ತದೆ.

4.9 ಮೀಟರ್. ನಮ್ಮ ಅಡಿಕೆ ಒಂದು ಸೆಕೆಂಡಿನಲ್ಲಿ ಬಿದ್ದದ್ದೂ ಅಷ್ಟೇ ಅಲ್ಲವೇ?

ಹಾಗಾದರೆ ಗುಂಡು ಸೆಕೆಂಡಿಗೆ 7.9 ಕಿಲೋಮೀಟರ್ ವೇಗದಲ್ಲಿ ಹೊರಟರೆ ಏನಾಗುತ್ತದೆ? ಒಂದು ಸೆಕೆಂಡಿನಲ್ಲಿ ಅದು 4.9 ಮೀಟರ್ ಬೀಳುತ್ತದೆ, ಅದರ ಅಡಿಯ ನೆಲವೂ ಅಷ್ಟೇ ತಗ್ಗುತ್ತದೆ. ಎತ್ತರ ಮೊದಲಿದ್ದಷ್ಟೇ ಉಳಿಯಿತು. ಮುಂದಿನ ಸೆಕೆಂಡಿನಲ್ಲೂ ಅದೇ ಕಥೆ, ಅದರ ಮುಂದಿನದರಲ್ಲೂ ಅದೇ. ಹೀಗೆ ಸುಮಾರು 84 ನಿಮಿಷ ಬಿದ್ದ ಮೇಲೆ ಗುಂಡು ಮೂಡಣ ದಿಕ್ಕಿನಿಂದ, ಘಟ್ಟದ ಕಡೆಯಿಂದ, ಬೇಕಲದ ಬುರುಜಿಗೇ ವಾಪಸು ಬರುತ್ತದೆ. ಅಷ್ಟು ಹೊತ್ತೂ ಅದನ್ನು ದೂಡಲು ಯಾವ ಎಂಜಿನೂ ಬೇಡ. ಉಪಗ್ರಹ ಎಂದರೆ ಆ ಗುಂಡೇ. ಗಾಳಿಯ ಕಾಟ ತಪ್ಪಿಸಲು ನಾವು ಅದನ್ನು ಮೊದಲು ಮೇಲಕ್ಕೆ ಒಯ್ಯುತ್ತೇವೆ, ಆಮೇಲೆ ಅಡ್ಡಕ್ಕೆ ದೂಡುತ್ತೇವೆ. ರಾಕೆಟಿನ ಹೆಚ್ಚಿನ ಶ್ರಮವೆಲ್ಲ ಮೇಲೆ ಏರುವುದಕ್ಕೆ ಎಂದು ಜನ ತಿಳಿದುಕೊಂಡಿದ್ದಾರೆ. ನಿಜವಾಗಿ ಹೆಚ್ಚಿನ ಇಂಧನ ಖರ್ಚಾಗುವುದು ಈ ಅಡ್ಡ ವೇಗ ಗಳಿಸಲು.

ಆ ಗುಂಡು ಯಾವ ಯಾವ ಊರಿನ ಮೇಲೆ ಹೋಯಿತು ಎಂದು ನಾನೊಮ್ಮೆ ಗ್ಲೋಬು ಮತ್ತು ನೂಲು ಹಿಡಿದು ನೋಡಿದ್ದೆ. ಭೂಮಿ ತಿರುಗುವುದನ್ನು ಸದ್ಯಕ್ಕೆ ಬಿಡಿ. ಬೇಕಲದಿಂದ ನೇರ ಪಡುವಣಕ್ಕೆ ಹೊರಟ ಗುಂಡು ಅದೇ ಅಕ್ಷಾಂಶದಲ್ಲಿ ಸುತ್ತಿ ಬರುತ್ತದೆ ಎಂದುಕೊಂಡಿದ್ದೆ. ಹಾಗಾಗುವುದಿಲ್ಲ! ಅದು ನಿಧಾನಕ್ಕೆ ತೆಂಕಣಕ್ಕೆ ವಾಲುತ್ತದೆ. ಸೊಮಾಲಿಯದ ಕಡೆಯಿಂದ ಆಫ್ರಿಕ ಹೊಕ್ಕು, ನಡು ಆಫ್ರಿಕ ದಾಟಿ, ಅಟ್ಲಾಂಟಿಕ್ ಸಾಗರದಲ್ಲಿ ಸಮಭಾಜಕ ವೃತ್ತ ಕಳೆದು ಬ್ರೆಜಿಲ್, ಪೆರು ದೇಶಗಳ ಮೇಲೆ ಹಾಯುತ್ತದೆ. ಪೆಸಿಫಿಕ್ ಸಾಗರದಲ್ಲಿ ಮತ್ತೆ ಬಡಗಣಕ್ಕೆ ತಿರುಗಿ ಫಿಲಿಪ್ಪೀನ್ಸ್, ವಿಯೆಟ್ನಾಂ, ಬಂಗಾಳ ಕೊಲ್ಲಿ, ತಮಿಳುನಾಡು ದಾಟಿ ನಮ್ಮಲ್ಲಿಗೆ ಬರುತ್ತದೆ. ಕಾರಣ ಸರಳ. ಎಳೆತ ಇರುವುದು ಭೂಮಿಯ ನಡುಬಿಂದುವಿನ ಕಡೆಗೆ. ಆದ್ದರಿಂದ ಯಾವ ಕಕ್ಷೆಯೇ ಆಗಲಿ, ಅದರ ಸಮತಲ ಭೂಮಿಯ ನಡುಬಿಂದುವನ್ನು ಹಾದುಹೋಗಲೇಬೇಕು. ಕಾಸರಗೋಡಿನ ತಲೆಯ ಮೇಲೆ ಬಂದ ಉಪಗ್ರಹ ಇನ್ನೊಂದು ಹೊತ್ತಿನಲ್ಲಿ ಸಮಭಾಜಕ ವೃತ್ತದ ಆಚೆಗೂ ಹೋಗಿಯೇ ಹೋಗುತ್ತದೆ.

ಇದಕ್ಕೂ ನಿಮ್ಮ ಮನೆಯ ಮಾಡಿನ ಮೇಲಿರುವ ಟಿವಿಯ ಡಿಶ್‌ಗೂ ಸಂಬಂಧ ಉಂಟು. ಟಿವಿ ಉಪಗ್ರಹ ಆಕಾಶದಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಕಾಣಬೇಕು, ಇಲ್ಲದಿದ್ದರೆ ಡಿಶ್ ಅನ್ನು ದಿನವಿಡೀ ತಿರುಗಿಸುತ್ತಾ ಇರಬೇಕಾಗುತ್ತದೆ. ಹಾಗೆ ನಿಲ್ಲಿಸಲು ಸಾಧ್ಯ ಇರುವುದು ಸಮಭಾಜಕ ವೃತ್ತದ ಮೇಲೆ ಮಾತ್ರ, ನೆಲದಿಂದ 35,786 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಹಿಡಿಯುತ್ತದೆ. ಭೂಮಿ ತನ್ನ ಸುತ್ತ ತಿರುಗಲು ತೆಗೆದುಕೊಳ್ಳುವ ಸಮಯವೂ ಅದೇ. ಇದಕ್ಕೆ ಭೂಸ್ಥಿರ ಕಕ್ಷೆ ಎನ್ನುತ್ತಾರೆ. ಸಮಭಾಜಕ ವೃತ್ತ ನಮಗೆ ತೆಂಕಣದಲ್ಲಿದೆ. ಅದಕ್ಕೇ ಕುಂಬಳೆಯ ಡಿಶ್‌ಗಳೂ ಬೆಂಗಳೂರಿನ ಡಿಶ್‌ಗಳೂ ತೆಂಕಣ ದಿಕ್ಕಿನ ಆಕಾಶವನ್ನೇ ನೋಡುತ್ತವೆ. ನಮ್ಮ ದೇಶದ ಈ ಬಗೆಯ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ಇರುವುದು ಹಾಸನದಲ್ಲಿ, 1982ರಿಂದ. ಚಂದ್ರ ಸೂರ್ಯರ ಎಳೆತಕ್ಕೆ ಉಪಗ್ರಹ ಜಾಗ ಬಿಟ್ಟು ಅತ್ತಿತ್ತ ಸರಿಯುತ್ತದೆ. ಆಗಾಗ ಸಣ್ಣ ಎಂಜಿನ್ ಉರಿಸಿ ಅದನ್ನು ಸ್ವಸ್ಥಾನಕ್ಕೆ ತರುವುದು ಅಲ್ಲಿಯವರ ಕೆಲಸ.

ಪಡುವಣಕ್ಕೆ ಹಾರಿಸಿದೆವಲ್ಲ, ಅದು ದುಬಾರಿ ದಿಕ್ಕು. ಭೂಮಿ ಮೂಡಣಕ್ಕೆ ತಿರುಗುತ್ತಿದೆ. ನಮ್ಮ ಅಕ್ಷಾಂಶದಲ್ಲಿ ನೆಲವೇ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಓಡುತ್ತಿದೆ. ಮೂಡಣಕ್ಕೆ ಹಾರಿಸಿದರೆ ಅಷ್ಟೂ ವೇಗ ಪುಕ್ಕಟೆ ಸಿಗುತ್ತದೆ. ಆದರೆ ನಮ್ಮ ಕರಾವಳಿಯಿಂದ ಮೂಡಣಕ್ಕೆ ಹಾರಿಸಿದರೆ, ಉರಿದು ಕಳಚುವ ಭಾಗಗಳು ಜನರ ತಲೆಯ ಮೇಲೆ ಬೀಳುತ್ತವೆ. ಉಪಗ್ರಹ ಉಡಾವಣೆಗೆ ಆಂಧ್ರದ ಪೂರ್ವ ಕರಾವಳಿಯ ಶ್ರೀಹರಿಕೋಟವನ್ನು ಆರಿಸಿದ್ದಕ್ಕೆ ಇದು ಮುಖ್ಯ ಕಾರಣ. ನಮ್ಮದೇ ಕೇರಳ ರಾಜ್ಯದ, ತಿರುವನಂತಪುರದ ಹತ್ತಿರದ ತುಂಬಾ ಎಂಬ ಊರಿನಿಂದ 1963ರ ನವೆಂಬರ್ 21ರಂದು ಹಾರಿದ್ದು ಬೇರೆ ಬಗೆಯ ರಾಕೆಟು. ಮೇಲಿನ ವಾತಾವರಣ ನೋಡಿ ಕೆಳಗೆ ಬರುವಂಥದ್ದು, ಕಕ್ಷೆಗೆ ಹೋಗುವಂಥದ್ದಲ್ಲ. ಭೂಮಿಯ ಕಾಂತೀಯ ಸಮಭಾಜಕ ರೇಖೆ, ಅಂದರೆ ಕಾಂತದ ಮುಳ್ಳು ಮೇಲೆ ಕೆಳಗೆ ವಾಲದೆ ಮಟ್ಟಸವಾಗಿ ನಿಲ್ಲುವ ಗೆರೆ, ಅಲ್ಲಿ ಹತ್ತಿರದಲ್ಲೇ ಹಾದುಹೋಗುತ್ತದೆ ಎಂದು ಆ ಜಾಗ ಹಿಡಿಸಿತು.

ಈಗ ಚಂದ್ರನ ವಿಷಯ. ಅಡಿಕೆಯನ್ನು ಎಳೆಯುವ ಕೈಯೇ ಚಂದ್ರನನ್ನೂ ಎಳೆಯುತ್ತಿದೆಯೇ? ಇದು ನ್ಯೂಟನ್ ಕೇಳಿಕೊಂಡ ಪ್ರಶ್ನೆ. ನನ್ನ ಮಟ್ಟಿಗೆ ಮನುಷ್ಯ ಕೇಳಿದ ಅತಿ ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದು. ಅವನು ಅದನ್ನು ಲೆಕ್ಕದಿಂದಲೇ ಬಿಡಿಸಿದ. ಭೂಮಿಯ ನಡುಬಿಂದುವಿನಿಂದ ಅಡಿಕೆ ಒಂದು ಭೂತ್ರಿಜ್ಯದಷ್ಟು ದೂರದಲ್ಲಿದೆ. ಚಂದ್ರ ಸುಮಾರು 60 ಭೂತ್ರಿಜ್ಯದಷ್ಟು ದೂರದಲ್ಲಿದೆ, ಕಿಲೋಮೀಟರಿನಲ್ಲಿ ಸರಾಸರಿ 3,84,400. ದೂರದ ವರ್ಗಕ್ಕೆ ತಕ್ಕಂತೆ ಎಳೆತ ಕ್ಷೀಣಿಸುವುದಾದರೆ ಅಲ್ಲಿ ಅದು 60×60, ಅಂದರೆ 3600 ಪಾಲಿನಲ್ಲಿ ಒಂದು ಪಾಲು ಇರಬೇಕು. 4.9 ಮೀಟರನ್ನು 3600ರಿಂದ ಭಾಗಿಸಿ: 1.36 ಮಿಲಿಮೀಟರ್. ಇನ್ನು ಚಂದ್ರನ ದಾರಿಯನ್ನೇ ಅಳೆದು ನೋಡಿ. ಅದು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಸಾಗುತ್ತದೆ. ಆ ಒಂದು ಸೆಕೆಂಡಿನಲ್ಲಿ ನೇರ ಗೆರೆ ಬಿಟ್ಟು ಭೂಮಿಯ ಕಡೆಗೆ ಎಷ್ಟು ಬಾಗುತ್ತದೆ? ಸುಮಾರು 1.36 ಮಿಲಿಮೀಟರೇ. ಎರಡು ಲೆಕ್ಕವೂ ಕೂಡಿಬಂತು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಅಡಿಕೆ ಒಂದು ಸೆಕೆಂಡಿನಲ್ಲಿ ಬೀಳುವಷ್ಟನ್ನು ಚಂದ್ರ ಒಂದು ನಿಮಿಷದಲ್ಲಿ ಬೀಳುತ್ತದೆ. ತೋಟದ ನಿಯಮ ಬೇರೆ, ಆಕಾಶದ ನಿಯಮ ಬೇರೆ ಎಂದು ಸಾವಿರಾರು ವರ್ಷ ಜನ ನಂಬಿದ್ದರು. ಆ ಗೋಡೆ ಬಿದ್ದದ್ದು ಈ ಭಾಗಾಕಾರದಿಂದ. ನಾನು ಮೊದಲ ಸಲ ಇದನ್ನು ಪೆನ್ಸಿಲ್ ಹಿಡಿದು ಮಾಡಿ ನೋಡಿದ ರಾತ್ರಿ ನಿದ್ದೆ ಬಂದಿರಲಿಲ್ಲ. ಮಕ್ಕಳು ಮನೆಗೆ ಹೋಗಿ ಮಾಡಿ ನೋಡಬೇಕು ಎಂದು ಕೇಳಿಕೊಳ್ಳುತ್ತೇನೆ.

(ಇಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ಕೇಳಿದ: "ಸರ್, ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲವಲ್ಲ? ಅಲ್ಲಿರುವವರು ತೇಲುತ್ತಾರಲ್ಲ?")

ಒಳ್ಳೆಯ ಪ್ರಶ್ನೆ. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದರು. ತೇಲುವುದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಆ ನಿಲ್ದಾಣ ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದೆ. ಇಲ್ಲಿಂದ ತಿರುವನಂತಪುರ ಅದಕ್ಕಿಂತ ದೂರ! ಅಷ್ಟು ಹತ್ತಿರದಲ್ಲಿ ಭೂಮಿಯ ಎಳೆತ ಎಲ್ಲಿಗೆ ಹೋಗುತ್ತದೆ? ನೆಲದ ಮೇಲಿರುವುದರ ಸುಮಾರು ನೂರಕ್ಕೆ 90 ಪಾಲು ಅಲ್ಲೂ ಉಂಟು. ಹಾಗಾದರೆ ತೇಲುವುದು ಯಾಕೆ? ಬಾವಿಯಿಂದ ನೀರು ಸೇದುವಾಗ ಹಗ್ಗ ತುಂಡಾದದ್ದನ್ನು ನೆನೆಸಿಕೊಳ್ಳಿ. ಕೊಡಪಾನವೂ ಬೀಳುತ್ತದೆ, ಅದರೊಳಗಿನ ನೀರೂ ಬೀಳುತ್ತದೆ, ಎರಡೂ ಒಂದೇ ವೇಗದಲ್ಲಿ. ಬೀಳುವಷ್ಟು ಹೊತ್ತು ನೀರು ಕೊಡಪಾನದ ತಳವನ್ನು ಒತ್ತುವುದಿಲ್ಲ. ತಳ ಕೆಳಗೆ ಹೋಗುತ್ತಿರುವಾಗ ಒತ್ತುವುದಾದರೂ ಯಾವುದನ್ನು? ಕೊಡಪಾನದ ಜಾಗದಲ್ಲಿ ನಿಲ್ದಾಣ ಇಡಿ, ನೀರಿನ ಜಾಗದಲ್ಲಿ ಮನುಷ್ಯರನ್ನು ಇಡಿ.

(ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಮೊಳೆಯಿಂದ ತೂತು ಮಾಡಿ ನೀರು ತುಂಬಿಸಿ ತಂದಿದ್ದೆ. ಮುಚ್ಚಳ ತೆಗೆದರೆ ತೂತಿನಿಂದ ನೀರು ಚಿಮ್ಮುತ್ತಿತ್ತು. ಆ ಹುಡುಗನೇ ಮಹಡಿಗೆ ಹೋಗಿ ಅದನ್ನು ಮೇಲಿನಿಂದ ಬಿಟ್ಟ. ಕೈ ಬಿಟ್ಟ ಗಳಿಗೆಯಿಂದ ಅಂಗಳಕ್ಕೆ ಬೀಳುವ ತನಕ ಒಂದು ಹನಿಯೂ ಚಿಮ್ಮಲಿಲ್ಲ. ಮಕ್ಕಳು ಮತ್ತೆ ಮತ್ತೆ ಮಾಡಿಸಿದರು, ನಾಲ್ಕನೇ ಸಲಕ್ಕೆ ಬಾಟಲಿ ಒಡೆಯಿತು.)

ಮುಂದಕ್ಕೆ ಹೋಗೋಣ. ಎತ್ತರ ಹೆಚ್ಚಿದ ಹಾಗೆ ಎಳೆತ ಕಡಿಮೆ, ಆದ್ದರಿಂದ ಅಲ್ಲಿ ಸುತ್ತಲು ಬೇಕಾದ ವೇಗವೂ ಕಡಿಮೆ. ನಿಲ್ದಾಣ ಸೆಕೆಂಡಿಗೆ 7.7 ಕಿಲೋಮೀಟರ್ ಓಡಿ ಒಂದೂವರೆ ಗಂಟೆಗೆ ಒಂದು ಸುತ್ತು ಹಾಕುತ್ತದೆ. ಭೂಸ್ಥಿರ ಉಪಗ್ರಹದ ವೇಗ 3.1 ಕಿಲೋಮೀಟರ್, ಚಂದ್ರನದು ಒಂದೇ ಕಿಲೋಮೀಟರ್. ದೂರಕ್ಕೂ ಕಾಲಕ್ಕೂ ಇರುವ ನಂಟನ್ನು ಕೆಪ್ಲರ್ 1619ರಲ್ಲಿ ಪ್ರಕಟಿಸಿದ್ದ: ದೂರದ ಘನ ಹೇಗೋ ಕಾಲದ ವರ್ಗ ಹಾಗೆ. ಬಾಯಿಲೆಕ್ಕದಲ್ಲೇ ಪರೀಕ್ಷೆ ಮಾಡಬಹುದು. ಭೂಮಿಯ ನಡುಬಿಂದುವಿನಿಂದ ಅಳೆದರೆ ಚಂದ್ರ ಭೂಸ್ಥಿರ ಕಕ್ಷೆಗಿಂತ ಸುಮಾರು 9 ಪಟ್ಟು ದೂರ. 9ರ ಘನ 729, ಅದರ ವರ್ಗಮೂಲ 27. ಭೂಸ್ಥಿರ ಉಪಗ್ರಹಕ್ಕೆ ಒಂದು ಸುತ್ತಿಗೆ ಒಂದು ದಿನ, ಚಂದ್ರನಿಗೆ 27 ದಿನ. ಮನುಷ್ಯ ಮಾಡಿದ ಉಪಗ್ರಹಕ್ಕೂ ತಾನಾಗಿ ಉಂಟಾದ ಉಪಗ್ರಹಕ್ಕೂ ಒಂದೇ ಕಾನೂನು ಎನ್ನುವುದಕ್ಕೆ ಇದಕ್ಕಿಂತ ಚಂದದ ಸಾಕ್ಷಿ ನಾನು ಕಂಡಿಲ್ಲ.

ಸುತ್ತುವ ವಸ್ತುವಿನ ತೂಕ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಬರುವುದು ಎಳೆಯುವವನ ತೂಕ. ಗುರುಗ್ರಹದ ನಾಲ್ಕು ದೊಡ್ಡ ಚಂದ್ರರನ್ನು ಗೆಲಿಲಿಯೊ 1610ರಲ್ಲಿ ಕಂಡ. ಅವುಗಳಲ್ಲಿ ಒಳಗಿನದು ಅಯೊ. ಗುರುವಿನಿಂದ ಅದರ ದೂರ 4,21,700 ಕಿಲೋಮೀಟರ್, ನಮ್ಮ ಚಂದ್ರನ ದೂರಕ್ಕಿಂತ ತುಸು ಹೆಚ್ಚು. ಆದರೆ ಅದು ಸುತ್ತು ಮುಗಿಸುವುದು 27 ದಿನಕ್ಕಲ್ಲ, ಎರಡು ದಿನ ತುಂಬುವುದಕ್ಕೂ ಮೊದಲೇ. ಅಷ್ಟು ರಭಸ ಬೇಕಾದರೆ ಗುರು ಭೂಮಿಗಿಂತ ಸುಮಾರು 318 ಪಟ್ಟು ಭಾರ ಇರಬೇಕು. ಗ್ರಹವನ್ನು ತೂಗುವ ತಕ್ಕಡಿ ಅದರ ಉಪಗ್ರಹವೇ. ಬುಧನಿಗೂ ಶುಕ್ರನಿಗೂ ಉಪಗ್ರಹ ಇಲ್ಲ. ಅವುಗಳ ತೂಕ ನಿಖರವಾಗಿ ಸಿಕ್ಕಿದ್ದು ನಮ್ಮ ಕಾಲದ ನೌಕೆಗಳು ಹತ್ತಿರ ಹೋದ ಮೇಲೆ.

ಕಕ್ಷೆ ಎಂದಾಗ ಪುಸ್ತಕದಲ್ಲಿ ಗುಂಡಗಿನ ಗೆರೆ ಎಳೆದಿರುತ್ತಾರೆ. ನಿಜವಾದ ಕಕ್ಷೆ ಸ್ವಲ್ಪ ಉದ್ದಕ್ಕೆ ಎಳೆದ ವೃತ್ತ, ದೀರ್ಘವೃತ್ತ. ಚಂದ್ರ ಕೆಲವೊಮ್ಮೆ 3,63,000 ಕಿಲೋಮೀಟರಿನಷ್ಟು ಹತ್ತಿರ ಬರುತ್ತದೆ, ಕೆಲವೊಮ್ಮೆ 4,05,000ದಷ್ಟು ದೂರ ಹೋಗುತ್ತದೆ. ಹತ್ತಿರ ಬಂದಾಗ ಓಟ ಜೋರು, ದೂರ ಹೋದಾಗ ನಿಧಾನ. ಇದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. 2019ರ ಡಿಸೆಂಬರ್ 26ರ ಬೆಳಗ್ಗೆ ಚೆರುವತ್ತೂರಿನ ಬಯಲಿನಲ್ಲಿ ಜನಸಾಗರ. ನಾನೂ ಶಾಲೆಯ ಮಕ್ಕಳ ಜೊತೆ ಹೋಗಿದ್ದೆ. ಒಂಬತ್ತೂವರೆಗೆ ಸ್ವಲ್ಪ ಮುಂಚೆ ಚಂದ್ರ ಸೂರ್ಯನ ನಟ್ಟನಡುವೆ ಬಂತು, ಸುತ್ತ ಬೆಂಕಿಯ ಬಳೆ ಉಳಿಯಿತು, ಕಂಕಣ ಗ್ರಹಣ. ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಲಿಲ್ಲ ಯಾಕೆ? ಡಿಸೆಂಬರ್ 18ರಂದು ಅದು ತನ್ನ ಹತ್ತಿರದ ಬಿಂದುವನ್ನು ದಾಟಿ ದೂರ ಸರಿಯುತ್ತಾ ಇತ್ತು, ಆದ್ದರಿಂದ ಸ್ವಲ್ಪ ಚಿಕ್ಕದಾಗಿ ಕಾಣುತ್ತಿತ್ತು. ಭೂಮಿಯೂ ಜನವರಿ 5ಕ್ಕೆ ಸೂರ್ಯನಿಗೆ ಅತಿ ಹತ್ತಿರ ಬರುವುದರಲ್ಲಿತ್ತು, ಆದ್ದರಿಂದ ಸೂರ್ಯ ದೊಡ್ಡದಾಗಿ ಕಾಣುತ್ತಿತ್ತು. ಎರಡು ದೀರ್ಘವೃತ್ತಗಳು ಕೂಡಿ ಮಾಡಿದ ಬಳೆ ಅದು. ಆ ಮೂರು ನಿಮಿಷ ಬಯಲಿನ ಅಷ್ಟೂ ಜನ ಉಸಿರು ಬಿಗಿಹಿಡಿದಿದ್ದರು. ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತವರನ್ನು ನೆನೆದು ನನಗೆ ಬಹಳ ಬೇಸರವಾಯಿತು. ಅವರಿಗೆ ಆ ಬಳೆ ಸಿಗಲಿಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಸ್ವಲ್ಪ ಗಮನ ಕೊಡಿ.

ತಲಪಾಡಿಯಿಂದ ಕಾಸರಗೋಡಿಗೆ ಬರುವ ಬಸ್ಸಿನ ಡ್ರೈವರಿಗೆ ಮುಂದಿನ ಬಸ್ಸನ್ನು ಹಿಡಿಯಬೇಕಿದ್ದರೆ ಏನು ಮಾಡುತ್ತಾನೆ? ಎಕ್ಸಿಲೇಟರ್ ಒತ್ತುತ್ತಾನೆ. ಕಕ್ಷೆಯಲ್ಲಿ ಹಾಗೆ ಮಾಡಿದರೆ ಹಿಂದೆ ಬೀಳುತ್ತಾನೆ. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 4 ನೌಕೆಯ ಮ್ಯಾಕ್‌ಡಿವಿಟ್ ತನ್ನದೇ ರಾಕೆಟಿನ ಖಾಲಿ ಹಂತದ ಹತ್ತಿರ ಹೋಗಲೆಂದು ಅದರ ಕಡೆಗೆ ಗುರಿ ಹಿಡಿದು ಎಂಜಿನ್ ಉರಿಸಿದ. ಉರಿಸಿದಷ್ಟೂ ಅದು ಕೈತಪ್ಪಿ ಹೋಯಿತು. ಇಂಧನ ಸುಮ್ಮನೆ ಖರ್ಚಾಯಿತು, ಪ್ರಯತ್ನ ಕೈಬಿಡಬೇಕಾಯಿತು. ಯಾಕೆಂದರೆ ಮುಂದಕ್ಕೆ ದೂಡಿದಾಗ ಸಿಕ್ಕಿದ ಹೆಚ್ಚಿನ ಶಕ್ತಿ ನೌಕೆಯನ್ನು ಮೇಲಿನ ಕಕ್ಷೆಗೆ ಏರಿಸುತ್ತದೆ. ಮೇಲಿನ ಕಕ್ಷೆಯಲ್ಲಿ ದಾರಿಯೂ ಉದ್ದ, ವೇಗವೂ ಕಡಿಮೆ. ಮುಂದಿನದನ್ನು ಹಿಡಿಯಬೇಕಾದರೆ ಬ್ರೇಕ್ ಹಾಕಬೇಕು. ಆಗ ನೌಕೆ ಕೆಳಗಿಳಿಯುತ್ತದೆ, ಕೆಳಗೆ ಓಟ ಜೋರು, ಒಳದಾರಿಯಲ್ಲಿ ಹೋಗಿ ಮುಂದಿನದನ್ನು ಸೇರುತ್ತದೆ. 2025ರ ಜನವರಿ 16ರಂದು ಇಸ್ರೊದ ಸ್ಪೇಡೆಕ್ಸ್ ನೌಕೆಗಳೆರಡು, ಒಂದೊಂದು ಸುಮಾರು 220 ಕಿಲೋ, ಒಂದಕ್ಕೊಂದು ಕೂಡಿಕೊಂಡದ್ದು ಈ ನಿಯಮವನ್ನು ಪಳಗಿಸಿಕೊಂಡು.

ಮುಂದೆ ದೂಡಿದರೆ ಏರಿ ನಿಧಾನವಾಗುತ್ತದೆ, ಹಿಂದೆ ಎಳೆದರೆ ಇಳಿದು ಜೋರಾಗುತ್ತದೆ. ಈ ಒಂದು ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

("ಮಾಷ್ಟ್ರೇ, ಸ್ಕೈಲ್ಯಾಬ್ ಬಿತ್ತಲ್ಲ ಒಮ್ಮೆ? ನಮ್ಮ ತಲೆಯ ಮೇಲೆಯೇ ಬೀಳ್ತದೆ ಅಂತ ಊರೆಲ್ಲ ಹೆದರಿದ್ದೆವು" ಎಂದರು ಕಂಬಕ್ಕೊರಗಿ ಕೂತಿದ್ದ ಹಿರಿಯರೊಬ್ಬರು.)

ಹೌದಣ್ಣ, ಅಮೆರಿಕದ ಆ ಬಾಹ್ಯಾಕಾಶ ನಿಲ್ದಾಣ ಬಿದ್ದದ್ದು 1979ರ ಜುಲೈ ತಿಂಗಳು. ಕೊನೆಗೆ ಅದರ ಚೂರುಗಳು ಬಿದ್ದದ್ದು ಹಿಂದೂ ಮಹಾಸಾಗರಕ್ಕೆ ಮತ್ತು ಪಶ್ಚಿಮ ಆಸ್ಟ್ರೇಲಿಯಕ್ಕೆ. ಕೆಳಕಕ್ಷೆಯಲ್ಲಿ ಗಾಳಿ ತೀರಾ ತೆಳು, ಆದರೆ ಪೂರ್ತಿ ಇಲ್ಲ ಎಂದಲ್ಲ. ಆ ತೆಳುಗಾಳಿ ಉಪಗ್ರಹವನ್ನು ಹಿಂದಕ್ಕೆ ಎಳೆಯುತ್ತದೆ. ಎಳೆದಾಗ ಏನಾಗುತ್ತದೆ? ಇಳಿಯುತ್ತದೆ, ಜೋರಾಗುತ್ತದೆ. ಇಳಿದಲ್ಲಿ ಗಾಳಿ ದಟ್ಟ, ಇನ್ನಷ್ಟು ಎಳೆತ. ಕೊನೆಗೆ ಉರಿದು ಹೋಗುತ್ತದೆ. ನಮ್ಮ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟಿನಲ್ಲಿ ಮೇಲೇರಿತು. ಅದನ್ನು ಕಟ್ಟಿದ ತಂಡದ ಮುಂದಾಳು ಯು. ಆರ್. ರಾವ್, ನಮ್ಮ ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದವರು. ಅದೂ ಹೀಗೆಯೇ ಇಳಿದೂ ಇಳಿದೂ 1992ರಲ್ಲಿ ವಾತಾವರಣಕ್ಕೆ ಮರಳಿತು. ಸೂರ್ಯನಲ್ಲಿ ಗಲಾಟೆ ಹೆಚ್ಚಿದರೆ ಮೇಲಿನ ಗಾಳಿ ಕಾದು ಉಬ್ಬಿ ಎಳೆತ ಜಾಸ್ತಿಯಾಗುತ್ತದೆ. 2022ರ ಫೆಬ್ರವರಿಯಲ್ಲಿ ಒಂದೇ ಸಲ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಹಾಗೆಯೇ ನಷ್ಟವಾದವು. ಸ್ಕೈಲ್ಯಾಬ್ ಲೆಕ್ಕಕ್ಕಿಂತ ಬೇಗ ಇಳಿದದ್ದಕ್ಕೂ ಇದೇ ಕಾರಣ.

ಚಂದ್ರನ ಹತ್ತಿರ ಗಾಳಿ ಇಲ್ಲ. ಆದರೂ ಅದರ ಕಕ್ಷೆ ಬದಲಾಗುತ್ತಿದೆ, ಕಾರಣ ನಮ್ಮ ಸಮುದ್ರ. ಚಂದ್ರನ ಎಳೆತಕ್ಕೆ ಸಮುದ್ರದ ನೀರು ಉಬ್ಬುತ್ತದೆ. ಭೂಮಿ ದಿನಕ್ಕೊಂದು ಸುತ್ತು ತಿರುಗುತ್ತದೆ, ಚಂದ್ರ ಸುತ್ತಲು 27 ದಿನ. ಭೂಮಿಯೇ ಬೇಗ ತಿರುಗುವುದರಿಂದ ಆ ಉಬ್ಬನ್ನು ತನ್ನ ಜೊತೆಗೆ ಎಳೆದುಕೊಂಡು ಚಂದ್ರನಿಗಿಂತ ಸ್ವಲ್ಪ ಮುಂದೆ ಒಯ್ಯುತ್ತದೆ. ಮುಂದಿರುವ ಆ ನೀರಿನ ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ. ಮುಂದಕ್ಕೆ ಎಳೆದರೆ ಏನಾಗುತ್ತದೆ?

(ಮಕ್ಕಳು ಒಟ್ಟಾಗಿ ಕೂಗಿದರು: "ಏರ್ತದೆ! ನಿಧಾನ ಆಗ್ತದೆ!")

ಹೌದು. ವರ್ಷಕ್ಕೆ 3.8 ಸೆಂಟಿಮೀಟರ್, ಒಂದು ಸಣ್ಣ ಹಣ್ಣಡಿಕೆಯ ಉದ್ದದಷ್ಟು, ಚಂದ್ರ ನಮ್ಮಿಂದ ದೂರ ಸರಿಯುತ್ತಿದೆ. ಇದು ಬರೀ ಊಹೆಯಲ್ಲ. 1969ರಿಂದ ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಗಳಿಗೆ ಇಲ್ಲಿಂದ ಲೇಸರ್ ಬಿಡುತ್ತಾರೆ. ಬೆಳಕು ಹೋಗಿ ಬರಲು ಎರಡೂವರೆ ಸೆಕೆಂಡು. ಆ ಸಮಯವನ್ನು ಅಳೆದು ದೂರ ತಿಳಿಯುತ್ತಾರೆ. ಚಂದ್ರಯಾನ-3ರ ವಿಕ್ರಮ್ ಮೇಲೂ ಅಂಥದ್ದೊಂದು ಪುಟ್ಟ ಪ್ರತಿಫಲಕ ಉಂಟು. ಚಂದ್ರನಿಗೆ ಸಿಕ್ಕಿದ ಈ ಶಕ್ತಿ ಭೂಮಿಯ ಕೈಯಿಂದ ಹೋದದ್ದು. ಅದಕ್ಕೆ ತಕ್ಕಂತೆ ನಮ್ಮ ದಿನ ನೂರು ವರ್ಷಕ್ಕೆ ಸುಮಾರು 2 ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿದೆ. ಸುಮಾರು 60 ಕೋಟಿ ವರ್ಷ ಕಳೆದ ಮೇಲೆ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಲಾರದಷ್ಟು ಚಿಕ್ಕದಾಗಿ ಕಾಣುತ್ತದೆ ಎಂದು ಅಂದಾಜು. ಆಮೇಲೆ ಖಗ್ರಾಸ ಗ್ರಹಣವೇ ಇಲ್ಲ, ಚೆರುವತ್ತೂರಿನಲ್ಲಿ ಕಂಡಂಥ ಬಳೆ ಮಾತ್ರ.

ಮಂಗಳನ ಉಪಗ್ರಹ ಫೋಬೊಸ್‌ನ ಕಥೆ ಇದಕ್ಕೆ ಸರಿಯಾಗಿ ಉಲ್ಟಾ. ಮಂಗಳನ ದಿನ 24 ಗಂಟೆ 37 ನಿಮಿಷ, ಫೋಬೊಸ್ ಸುತ್ತುವುದು 7 ಗಂಟೆ 39 ನಿಮಿಷಕ್ಕೆ. ಗ್ರಹಕ್ಕಿಂತ ಉಪಗ್ರಹವೇ ಮುಂದೆ ಓಡುತ್ತದೆ. ಮಂಗಳನ ನೆಲದಲ್ಲಿ ನಿಂತರೆ ಅದು ಪಡುವಣದಲ್ಲಿ ಹುಟ್ಟಿ ಮೂಡಣದಲ್ಲಿ ಮುಳುಗುವುದನ್ನು ನೋಡಬಹುದು. ಅಲ್ಲಿ ಉಬ್ಬು ಹಿಂದುಳಿಯುತ್ತದೆ, ಫೋಬೊಸನ್ನು ಹಿಂದಕ್ಕೆ ಎಳೆಯುತ್ತದೆ. ಅಲ್ಲಿ ಸಮುದ್ರ ಇಲ್ಲ, ಉಬ್ಬುವುದು ಕಲ್ಲುಮಣ್ಣಿನ ನೆಲವೇ. ಹಾಗಾಗಿ ಫೋಬೊಸ್ ನೂರು ವರ್ಷಕ್ಕೆ ಸುಮಾರು 1.8 ಮೀಟರ್ ಇಳಿಯುತ್ತಾ ಉಂಟು. ಇನ್ನು ಮೂರರಿಂದ ಐದು ಕೋಟಿ ವರ್ಷದಲ್ಲಿ ಮಂಗಳನಿಗೆ ಅಪ್ಪಳಿಸಬಹುದು, ಇಲ್ಲವೇ ಒಡೆದು ಚೂರಾಗಿ ಉಂಗುರವಾಗಬಹುದು.

ನಾನು ಇಲ್ಲಿಗೆ ನಿಲ್ಲಿಸಿ, ಇನ್ನೇನಾದರೂ ಕೇಳುವುದಿದೆಯೇ ಎಂದೆ. ಬಾಗಿಲ ಬಳಿ ನಿಂತಿದ್ದ ಮೀನುಗಾರರೊಬ್ಬರು ಕೇಳಿದರು: "ಮಾಷ್ಟ್ರೇ, ಉಬ್ಬರ ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡ ಆಗ್ತದೆ. ಅದು ನಮಗೆ ಗೊತ್ತುಂಟು. ಅದೂ ಇದೇ ಲೆಕ್ಕವಾ?"

ಇದೇ ಲೆಕ್ಕ ಎಂದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರುತ್ತದೆ. ಮತ್ತೆ ಅದರ ಎದುರಿಗೆ ಬರಲು ಭೂಮಿ ಇನ್ನೂ ಸುಮಾರು 50 ನಿಮಿಷ ತಿರುಗಬೇಕು.

"ಹಾಗಾದರೆ ನಮ್ಮ ಶಿರಿಯ ಅಳಿವೆಯಲ್ಲಿ ಏರುವ ನೀರಿಗೂ ಚಂದ್ರನನ್ನು ದೂಡುವುದರಲ್ಲಿ ಪಾಲು ಉಂಟಾ?"

ಉಂಟು. ಲೋಕದ ಎಲ್ಲ ಸಮುದ್ರಗಳು, ದಡಗಳು, ಅಳಿವೆಗಳು ಸೇರಿ ಮಾಡುವ ಕೆಲಸ ಅದು. ಶಿರಿಯದ ಪಾಲು ಅಳತೆಗೆ ಸಿಗದಷ್ಟು ಸಣ್ಣದು, ಆದರೆ ಸೊನ್ನೆ ಅಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಇವತ್ತು ರಾತ್ರಿ ಉಬ್ಬರ ಎಷ್ಟು ಹೊತ್ತಿಗೆ ಎಂದು ನಾನೇ ಅವರನ್ನು ಕೇಳಿದೆ. ಹತ್ತೂಕಾಲು ಎಂದರು. "ಹಾಗಾದರೆ ನಾಳೆ ಹನ್ನೊಂದು ಗಂಟೆ ಐದು ನಿಮಿಷ" ಎಂದಳು ಮುಂದಿನ ಸಾಲಿನ ಹುಡುಗಿ.